ಎರಡು ಕಡೆಗೂ ಇಳಿಜಾರು

ಬೆಳಿಗ್ಗೆ ಆರಕ್ಕೆ ಟೆಂಟಿನ ಬಟ್ಟೆ ಹಿಂಡಿದೆ,
ಅರ್ಧ ಲೋಟದಷ್ಟು ಬ್ರಿಟನಿ ಕೈಗೆ ಬಂತು.
ಹಿಂದಿನ ಚಕ್ರ ಇವತ್ತೂ ಮೆತ್ತಗೆ,
ಹಲ್ಲಿಲ್ಲದ ಬಾಯಿಯ ಹಾಗೆ ನೆಲ ಚಪ್ಪರಿಸುತ್ತಿದೆ.
ನಲವತ್ತು ಸಲ ಪಂಪು ಒತ್ತಿದರೆ ಹನ್ನೆರಡು ಕಿಲೋಮೀಟರು:
ಮೂರು ದಿನದಿಂದ ನಮ್ಮಿಬ್ಬರ ಒಪ್ಪಂದ ಇಷ್ಟೇ.

ಕಾಲುವೆಗೆ ಹರಿಯುವ ಗರಜಿಲ್ಲ.
ತೂಬಿನಿಂದ ತೂಬಿಗೆ ಒಂದು ಮೆಟ್ಟಿಲು,
ಮೆಟ್ಟಿಲ ಮೇಲೆ ಮಟ್ಟಸವಾಗಿ ಮಲಗಿದ ನೀರು.
ಪಕ್ಕದ್ದು, ಹಿಂದೆ ಕುದುರೆಗಳು ದೋಣಿ ಎಳೆದ ದಾರಿ.
ಸೇತುವೆಯ ಕಲ್ಲಂಚಿನಲ್ಲಿ ಹಗ್ಗ ಉಜ್ಜಿದ ಗೀರು;
ಬೆರಳಿಟ್ಟೆ,
ಎರಡನೇ ಗೆಣ್ಣಿನವರೆಗೂ ಇಳಿಯಿತು.

ಒಂದು ಬೂದು ಬಕ.
ನಾನು ಹತ್ತಿರವಾದಂತೆ ಗೊಣಗುತ್ತ ಏಳುತ್ತದೆ,
ಇನ್ನೂರು ಗಜ ಮುಂದೆ ಹೋಗಿ ಕೂರುತ್ತದೆ.
ಮತ್ತೆ ನಾನು. ಮತ್ತೆ ಅದು.
ಹಿಂದಕ್ಕೆ ಹಾರಿದ್ದರೆ ಒಂದೇ ಸಲಕ್ಕೆ ಪೀಡೆ ಕಳೆಯುತ್ತಿತ್ತು,
ಅದಕ್ಕದು ಹೊಳೆಯಲಿಲ್ಲ.
ಬುದ್ಧಿ ಹೇಳುವ ಸ್ಥಿತಿಯಲ್ಲಿ ನಾನೂ ಇರಲಿಲ್ಲ.

ತೂಬು ಕಾಯುವ ರಿವಾಲ್‌ಗೆ ಹತ್ತೊಂಬತ್ತು, ಬೇಸಿಗೆಯ ಕೆಲಸ.
ಬೆನ್ನಿನ ಭಾರವೆಲ್ಲ ಬಾಗಿಲ ತೊಲೆಗೆ ಕೊಟ್ಟು
"ಎಲ್ಲಿಗೆ?" ಎಂದ. ಸಮುದ್ರಕ್ಕೆ, ಎಂದೆ.
"ಕಾರಿನಲ್ಲಿ ಒಂದು ಗಂಟೆ," ಎಂದು ಮರುಕಪಟ್ಟ.
ಒಳಗೊಂದು ಡಚ್ ದೋಣಿ,
ಅದರ ಮೇಲೆ ಟೊಮೆಟೊ ಗಿಡ, ಒಣಹಾಕಿದ ಕಾಲುಚೀಲ;
ಕಾಯುವ ಹಾಲಿನ ಕೆನೆಯಂತೆ
ಸದ್ದಿಲ್ಲದೆ ಅಂಚಿನವರೆಗೆ ಏರಿ ಬಂತು.

ಗಾಳ ಹಾಕಿ ಕುಳಿತಿದ್ದ ಟುಡ್ಯುಅಲ್‌ಗೆ ಬೇರೆ ಉತ್ತರ ಕೊಟ್ಟೆ:
ತೂಬು ಎಣಿಸಲಿಕ್ಕೆ ಬಂದೆ.
ಆತ ತಿರುಗಲಿಲ್ಲ.
"ಒಂದು ಬಿಟ್ಟಿದ್ದೀರಿ. ಹಿಂದೆ, ಪೊದೆಯೊಳಗೆ."

ನೀಲಿ ಕಿಟಕಿಯ ತೂಬುಮನೆಯಲ್ಲಿ ಮೊಟ್ಟೆ ಮಾರುವ ಸ್ವಾಜಿಗ್ ಅಜ್ಜಿಗೆ
ಮಂಡಿನೋವು, ವೈದ್ಯರ ಸಲಹೆ, ಎಂದೆ.
ಆಕೆ ಮಂಡಿ ನೋಡಿದಳು, ಆಮೇಲೆ ಮುಖ.
ಒಂದು ಸಾಕು ಎಂದರೆ "ಬಿಡಿ ಮಾರುವುದಿಲ್ಲ" ಎಂದಳು.
ಎರಡನ್ನೂ ಬೇರೆಬೇರೆ ಸುತ್ತಿದಳು,
ಪತ್ರಿಕೆಯ ಶ್ರದ್ಧಾಂಜಲಿ ಪುಟದಲ್ಲಿ.

ಮಧ್ಯಾಹ್ನ, ಗುಡ್ಡ ಸೀಳಿ ತೆಗೆದ ಜಾಗ.
ಎರಡೂ ದಂಡೆಗೆ ಬೀಚ್ ಮರ, ಹಸಿರು ಕತ್ತಲು.
ಒಪ್ಪಂದದ ಹನ್ನೆರಡು ಮುಗಿಯುವ ಮೊದಲೇ
ಚಕ್ರ ಪೂರ್ತಿ ಕುಸಿಯಿತು.
ಸಾರ್ಡೀನ್ ಡಬ್ಬಿ ತೆರೆದು ಕೂತೆ, ಬ್ರೆಡ್ಡು, ಚಮಚ.
ಮನೆಯ ಡ್ರಾಯರಿನಲ್ಲಿ ಎರಡು ತಗಡಿನ ಚಮಚಗಳಿದ್ದವು;
ಹಿಡಿ ಬಾಗಿದ್ದು ನನ್ನದಲ್ಲ.
ಅದನ್ನೇ ತಂದಿದ್ದೇನೆ.

ಟ್ಯೂಬನ್ನು ಕಾಲುವೆಯಲ್ಲಿ ಅದ್ದಿದೆ.
ಮೂರು ದಿನ ತೋಳು ನೋಯಿಸಿ ತುಂಬಿದ ಗಾಳಿ
ಸಾಸಿವೆಯಷ್ಟು ಸಾಸಿವೆಯಷ್ಟಾಗಿ ಮೇಲೆದ್ದಿತು.
ಗುಳ್ಳೆಗಳು ಒಡೆಯುವ ಮೊದಲು ಸ್ವಲ್ಪವೇ ಸರಿದವು,
ಪಶ್ಚಿಮಕ್ಕೆ.
ಬೆಳಿಗ್ಗೆ ಎಲೆ, ನೊರೆ, ಬಾತುಕೋಳಿಯ ಪುಕ್ಕ
ಎಲ್ಲವೂ ನನ್ನ ಎದುರಿಗೆ ಬರುತ್ತಿದ್ದವು.
ಯಾವಾಗ ದಾಟಿದೆ? ಫಲಕವಿರಲಿಲ್ಲ,
ಕಲ್ಲು ನೆಟ್ಟಿರಲಿಲ್ಲ, ಉಬ್ಬಸ ಕೂಡ ಹೆಚ್ಚಾಗಲಿಲ್ಲ.
ನೆತ್ತಿಯೆಂದರೆ ಇಷ್ಟೇ ಉದ್ದದ ನಿಂತ ನೀರು,
ಅದರ ಎರಡು ತುದಿಗೂ ಸೋರುವ ಬಾಗಿಲು.

ತೇಪೆ ಹಾಕಿ, ಹೆಬ್ಬೆರಳಿಂದ ಒತ್ತಿ ಹಿಡಿದು
ನೂರರವರೆಗೆ ಎಣಿಸಿದೆ. ತಪ್ಪಿತು. ಮತ್ತೆ ಎಣಿಸಿದೆ.

ಆಮೇಲೆ ದಾರಿ ತಾನಾಗಿ ಇಳಿಯಿತು.
ತೂಬುಗಳು, ಗುಲಾಬಿ ಬಳ್ಳಿ, ನಾಯಿಯೊಂದು,
ಒಂದು ಹಳ್ಳಿಯ ಗಂಟೆ ಐದೋ ಆರೋ ಹೊಡೆಯಿತು.
ಬಕ ಎಲ್ಲೋ ಆ ಬದಿಯಲ್ಲೇ ಉಳಿದಿತ್ತು.
ಅದು ಇಲ್ಲದ್ದು ಗೊತ್ತಾಗುವಾಗ ಕತ್ತಲಾಗುತ್ತಿತ್ತು.

ಸ್ಟವ್ ಹಚ್ಚಿ ಎರಡೂ ಮೊಟ್ಟೆ ಬೇಯಿಸಿದೆ.
ಒಂದು ಬಿರುಕುಬಿಟ್ಟು ಬಿಳಿ ದಾರ ಬಿಟ್ಟಿತು.
ಉಪ್ಪು ಮರೆತಿದ್ದೆ.
ಎರಡನ್ನೂ ತಿಂದೆ.

ರಾತ್ರಿ ಎರಡು ಸಲ ಎದ್ದು ಹೊರಗೆ ಕೈಚಾಚಿ
ಚಕ್ರವನ್ನು ಒತ್ತಿ ನೋಡಿದೆ.
ಗಟ್ಟಿಯಾಗಿಯೇ ಇತ್ತು.