ಮೂವತ್ತು ಮೈಕ್ರಾನು

ಪೆರುಂಬಾಡಿ ರಸ್ತೆಯ ತಿರುವಿನಲ್ಲಿ
ಗೋರಿಕಲ್ಲಿಗೆ ಹೆಸರು ಕೆತ್ತುವ ಮೊಯ್ದು ಕಾಕ
ನನ್ನ ಕೈಯ ಕಾಗದ ನೋಡಿ ಕೇಳಿದರು:
‘ಕಲ್ಲೆಲ್ಲಿ, ಮೋಳೇ?’

ಕಲ್ಲಿಲ್ಲ ಕಾಕ.
ಚಂದ್ರನ ಕಪ್ಪು ಕಲೆಯಿದೆಯಲ್ಲ, ಆರಿದ ಲಾವಾ,
ಅದರ ಮೇಲೆ ಬಿದ್ದು ಎದ್ದು ಬಂದ ಬಿಸಿಲು ಇದು.
ಬರುವಾಗ ಏನನ್ನು ಅಲ್ಲೇ ಬಿಟ್ಟು ಬಂತೋ
ಅಲ್ಲಿ ಗೆರೆ ಕುಸಿಯುತ್ತದೆ.

ಕನ್ನಡಕ ಹಣೆಗೇರಿಸಿ
ಮೊಂಡು ಬೆರಳಲ್ಲಿ ಗೆರೆಯನ್ನು ಹತ್ತಿದರು, ಇಳಿದರು.
‘ಒಂದು ಕೊಲ್ಲಿ. ಒಂದು ಬೆಟ್ಟ. ಮತ್ತೊಂದು ಕೊಲ್ಲಿ.
ಮಾಕುಟ್ಟದ ದಾರಿ ಇದ್ದ ಹಾಗಿದೆ.’

ಎರಡು ಕೊಲ್ಲಿ ಇದ್ದರೆ ಪೈರಾಕ್ಸೀನ್.
ಒಂದೇ ಇದ್ದು, ಊಟವಾದ ಮೇಲಿನ ಮಾವನಂತೆ
ಅಗಲಕ್ಕೆ ಕಾಲು ಚಾಚಿದ್ದರೆ ಆಲಿವೀನ್.
ಇಲ್ಮನೈಟ್ ಬೆರೆತರೆ ಕೊಲ್ಲಿಗಳೇ ತುಂಬಿಹೋಗುತ್ತವೆ;
ಬೆಳಕನ್ನು ಕೈಗಡ ತಗೊಂಡು ವಾಪಸು ಕೊಡದ ಖನಿಜ ಅದು.
ಕ್ಯಾಲ್ಸಿಯಂ ಹೆಚ್ಚಿದಷ್ಟೂ ಎರಡೂ ಬಲಕ್ಕೆ ಜರುಗುತ್ತವೆ,
ಕೂದಲೆಳೆಯಷ್ಟು.
ಆ ಕೂದಲೆಳೆಗೆ ನನ್ನ ಮೂರು ವರ್ಷ ಹೋಯಿತು.

ಕಾಕ ಏನೂ ಹೇಳಲಿಲ್ಲ.
ಚೀಲದಿಂದ ಕ್ವಾರಿಯ ಕರಿಕಲ್ಲು ತೆಗೆದಿಟ್ಟೆ.
ಇದು ಲಾವಾ ಅಲ್ಲ, ನೆಲದಾಳದಲ್ಲೇ ಬೆಂದದ್ದು,
ಆದರೂ ಪೈರಾಕ್ಸೀನ್ ಇದರೊಳಗೂ ಇದೆ.
ಹೋಲಿಸಬೇಕು. ತೆಳ್ಳಗೆ ಮಾಡಿಕೊಡಿ.
‘ಎಷ್ಟು?’
ಮೂವತ್ತು ಮೈಕ್ರಾನ್.
‘ನನಗೆ ತಿಳಿಯುವ ಹಾಗೆ ಹೇಳು.’
ಕೆಳಗಿಟ್ಟ ಪೇಪರಿನ ಅಕ್ಷರ ಕಾಣಬೇಕು.
‘ಹಾಗೆ ಹೇಳು ಮತ್ತೆ.’

ಪಡಿತರದಂಗಡಿಯ ಯಂತ್ರಕ್ಕೆ
ಕಾಕನ ಹೆಬ್ಬೆರಳು ಸಿಗುವುದಿಲ್ಲ.
ಮೂವತ್ತೆಂಟು ವರ್ಷ ತಿಕ್ಕಿ ತಿಕ್ಕಿ
ಗೆರೆಗಳೆಲ್ಲ ಕಲ್ಲಿಗೇ ಸಂದಿವೆ.
ಆ ಬೆರಳಲ್ಲೇ ಒತ್ತಿ, ಗಾಜಿನ ಮೇಲೆ
ಎಂಟು ಬರೆದಂತೆ, ಮತ್ತೆ ಎಂಟು, ಮತ್ತೆ ಎಂಟು,
ನಡುವೆ ಎತ್ತಿ ಬಾಗಿಲ ಬೆಳಕಿಗೆ ಹಿಡಿದು,
ಉಸಿರು ಬಿಗಿಹಿಡಿದು,
ಎರಡು ಚೂರು ಒಡೆದವು.
ಮೂರನೆಯದರ ಕೆಳಗೆ
ಮೊನ್ನೆಯ ಪೇಪರಿನ ಕರಿಮೆಣಸಿನ ಧಾರಣೆ ಕಂಡಿತು.

ಸೂಕ್ಷ್ಮದರ್ಶಕದಡಿ ಅದು ನಸುಗೆಂಪು;
ತಟ್ಟೆ ತಿರುಗಿಸಿದರೆ ನಸುಹಸಿರು.
ಅಂಚಿನ ಬಿರುಕುಗಳಲ್ಲಿ ತುಕ್ಕು.
ಇಲ್ಲಿ ನೀರು ಯಾರನ್ನೂ ಕೇಳಿ ಒಳಗೆ ಬರುವುದಿಲ್ಲ.
ಅಲ್ಲಿ, ಮುನ್ನೂರು ಕೋಟಿ ವರ್ಷದ ಮೇಲೂ
ಹರಳು ಈಗಷ್ಟೇ ಒಡೆದ ಗಾಜಿನ ಹಾಗಿದೆಯಂತೆ.
ಅಂತೆ. ನಾನು ಮುಟ್ಟಿದವಳಲ್ಲ.

ಕಾಕ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ಬಾಗಿದ್ದರು.
ಚಂದ ಎನ್ನಲಿಲ್ಲ. ಕೇಳಿದರು:
‘ಆ ಮೇಲಿನ ಕಲ್ಲಿಗೆ ಹೆಸರು ಕೆತ್ತಿದರೆ
ಎಷ್ಟು ಕಾಲ ನಿಲ್ಲುತ್ತದೆ?’

ಯಾರೂ ಕೇಳಿರಲಿಲ್ಲ ಇದನ್ನು,
ನನ್ನ ಗೈಡೂ.
ಮಳೆಯಿಲ್ಲ ಕಾಕ, ಪಾಚಿಯಿಲ್ಲ,
ಆದರೆ ಕಣ್ಣಿಗೆ ಕಾಣದ ಉಲ್ಕೆಯ ಪುಡಿ ಬಡಿಯುತ್ತಲೇ ಇರುತ್ತದೆ.
ಹತ್ತು ಲಕ್ಷ ವರ್ಷಕ್ಕೆ
ಹೆಚ್ಚುಕಡಿಮೆ ಒಂದು ಮಿಲಿಮೀಟರು ಸವೆಯುತ್ತದೆ.
‘ನಾನು ಮೂರು ಮಿಲಿಮೀಟರು ಇಳಿಸುತ್ತೇನೆ’ ಎಂದರು,
ಉಳಿ ಒರೆಸುತ್ತ, ಒಳಗೇ ಗುಣಿಸುತ್ತ.

ಆಮೇಲೆ ರಸೀತಿ ಬರೆದರು:
ಚಂದ್ರನ ಕಲ್ಲು. ಮೂರು ಚೂರು.
ಎರಡು ಒಡೆದದ್ದಕ್ಕೆ ಕೂಲಿ ಇಲ್ಲ.
ನೂರೈವತ್ತು.

ಚಂದ್ರನದಲ್ಲ, ಕ್ವಾರಿಯದು
ಎಂದು ತಿದ್ದಲು ಹೋಗಿ
ಮಡಚಿ ಕಿಸೆಗಿಟ್ಟೆ.