ತಣ್ಣಗಿದ್ದಾಗ ಅಳೆಯಬೇಕು

ನಿನ್ನೆ ಎರಡನೇ ಪಾಳಿ ಮುಗಿಸಿ ಬರುವಾಗ
ನಾಲೆ ಏರಿಯ ತಿರುವಲ್ಲಿ
ನಾನು ಬಲಕ್ಕೆ ಎಳೆದೆ. ಕಾರು ಯೋಚಿಸಿತು.
ಅಷ್ಟೇ, ಒಂದು ಉಸಿರಿನಷ್ಟು ಹೊತ್ತು.
ಆಮೇಲೆ ತಿರುಗಿತು,
ಕೆಸರಿಂದ ಎಬ್ಬಿಸಿದ ಎಮ್ಮೆಯ ಹಾಗೆ,
ಹಿಂಭಾಗ ತನ್ನದಲ್ಲವೆಂಬಂತೆ.

ಎಡಕ್ಕೆ ನೀರು. ತಡೆಗೋಡೆ ಇರಬೇಕಾದಲ್ಲಿ
ನಾಲ್ಕು ಬಿಳಿ ಕಲ್ಲು, ಅದರಲ್ಲಿ ಎರಡು ಮಲಗಿದ್ದವು.
ಕಟ್ಟು ನೀರು ಬಿಟ್ಟ ವಾರ, ನಾಲೆ ತುಂಬ.
ಹೆಡ್‌ಲೈಟು ನೀರಿನ ಮೇಲೊಮ್ಮೆ ಹಾದು
ಏನೂ ನೋಡದವರ ಹಾಗೆ ರಸ್ತೆಗೆ ಮರಳಿತು.

ಬೆಳಿಗ್ಗೆ ಮಾಯಿಗಯ್ಯನ ಅಂಗಡಿ.
ಇಂಡುವಾಳಿನ ಹಳೇ ರಸ್ತೆ, ಹೊಂಗೆ ಮರ,
ಮರಕ್ಕೆ ನೇತುಹಾಕಿದ ಟೈರಿನ ಮೇಲೆ ಸುಣ್ಣದಲ್ಲಿ
'ಗಾಳಿ' ಎಂಬ ಎರಡೇ ಅಕ್ಷರ.
ಕಬ್ಬಿನ ಟ್ರ್ಯಾಕ್ಟರುಗಳ ಸರದಿ ಮುಗಿಯಲೆಂದು ಕಾದೆ.
ಅವನು ಕಾರನ್ನು ನೋಡಲೇ ಇಲ್ಲ. ಕುಕ್ಕರುಗಾಲಲ್ಲಿ ಕೂತು
ಮುಂದಿನ ಚಕ್ರದ ಮೇಲೆ ಅಂಗೈ ಆಡಿಸಿದ,
ಹಸುವಿನ ಹೊಟ್ಟೆ ಸವರಿ ತಿಂಗಳೆಣಿಸುವವನಂತೆ.

"ಎರಡಂಚೂ ಸವೆದೋಗವೆ, ನಡುವೆ ಹೊಸದು.
ಗಾಳಿ ಕಮ್ಮಿ ಇಟ್ಕೊಂಡು ವರ್ಸಗಟ್ಲೆ ಓಡ್ಸಿದ್ದೀರಿ ಕನಮ್ಮ."
ಮೀಟರು ಒತ್ತಿದ. ಹದಿನೆಂಟು.
ಇರಬೇಕಾದದ್ದು ಮೂವತ್ತೆರಡು; ಬಾಗಿಲ ಒಳಮೈಯ ಚೀಟಿಯಲ್ಲಿ
ಬರೆದೇ ಇದೆಯಂತೆ. ನಾಲ್ಕು ವರ್ಷದಿಂದ
ಅದೇ ಬಾಗಿಲು ತೆರೆದು ಕೂತವಳು ನಾನು.

ದಿನಕ್ಕೆ ಅರವತ್ತು ತೋಳಿಗೆ ಪಟ್ಟಿ ಸುತ್ತಿ
ಗಾಳಿ ಒತ್ತಿ, ಬಿಟ್ಟು, ಅಂಕಿ ಬರೆಯುವ ಕೈ ಇದು.
ಉಪ್ಪು ಬಿಟ್ಟಿರಾ, ಮಾತ್ರೆ ನುಂಗಿದಿರಾ ಎಂದು
ಅರ್ಧ ಮಂಡ್ಯವನ್ನು ಗದರಿಸುವ ಬಾಯಿ.

ಹಾಗಾದರೆ ಐವತ್ತು ತುಂಬಿಸಿಬಿಡಿ,
ಆರು ತಿಂಗಳು ನೆಮ್ಮದಿ, ಎಂದೆ.
ನಕ್ಕ. ಮೂಲೆಯಿಂದ ಬೇರೊಂದು ಟೈರು ಉರುಳಿಸಿ ತಂದ.
ಅಂಚೆರಡೂ ಚೆನ್ನ, ನಡುವೆ ಬೋಳು,
ನಮ್ಮ ಡ್ರಿಲ್ ಮೇಷ್ಟ್ರ ನೆತ್ತಿ.
"ಇದು ಹೆಚ್ಗೆ ತುಂಬ್ಸಿದೋರ್ದು. ಊದ್ಕೊಂಡು
ನಡು ಮೇಲೇ ನಿಂತ್ಕತದೆ.
ಮಳೇಲಿ ಬ್ರೇಕ್ ಒತ್ತಿದ್ರೆ ಹಿಡಿಯಕ್ಕೆ ನೆಲವೇ ಸಿಕ್ಕಲ್ಲ.
ನಿಮ್ದು ಇನ್ನೊಂದು ತರ. ಮಡ್ಚಿ ಮಡ್ಚಿ ಕಾದು
ದಶಪಥದಲ್ಲಿ ನೂರು ದಾಟ್ದಾಗ ಪಟ್ ಅಂತದೆ."

ಅಂಗೈ ಬಿಚ್ಚಿ ತೋರಿಸಿದ, ಗೆರೆಗಳಲ್ಲಿ ಗ್ರೀಸು:
"ಇಡೀ ಕಾರು ನಿಂತಿರಾದು ಇಂಥ ನಾಕು ಅಂಗೈ ಮ್ಯಾಲೆ.
ಮಿಕ್ಕಿದ್ದೆಲ್ಲ ಬರೀ ತಗಡು, ಕುರ್ಚಿ."

ತುಂಬುವ ಮುನ್ನ ಕೇಳಿದ, ಏಟು ದೂರದಿಂದ ಬಂದ್ರಿ?
ಎರಡು ಕಿಲೋಮೀಟರು.
"ಪರ್ವಾಗಿಲ್ಲ. ದೂರ ಓಡಿ ಬಂದ ಗಾಳಿ
ಸುಳ್ಳೇಳ್ತದೆ, ಇಲ್ಲದ್ದನ್ನ ಅದೆ ಅಂತದೆ.
ತಣ್ಣಗಿದ್ದಾಗ ಅಳೀಬೇಕು."
ವಾರ್ಡಿನಲ್ಲಿ ನಾನು ಹೇಳುವುದೂ ಇದನ್ನೇ:
ಮೆಟ್ಟಿಲು ಹತ್ತಿ ಬಂದಿರಾ, ಐದು ನಿಮಿಷ ಕೂತ್ಕೊಳ್ಳಿ.

ನಿಮ್ಮದು ಅಳೆಸಿ ಎಷ್ಟು ದಿನವಾಯ್ತು, ಎಂದೆ.
ಕೇಳಿಸದವನಂತೆ ಕಂಪ್ರೆಸರಿನ ಗುಂಡಿ ಒತ್ತಿದ.

ಆಮೇಲೆ ಡಿಕ್ಕಿ ತೆಗೆಸಿದ. ರೇಷನ್ ಚೀಲ, ಮುರಿದ ಛತ್ರಿ,
ಮಗಳಿಗೆ ಚಿಕ್ಕದಾದ ಶೂಗಳು,
ಅವುಗಳ ಕೆಳಗೆ ಐದನೆಯದು.
ಮೀಟರಿನ ಮುಳ್ಳು ಅಲುಗಲಿಲ್ಲ.
ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಐದಕ್ಕೂ ಸೇರಿ ಐವತ್ತು ರೂಪಾಯಿ.
ವಾಲ್ವಿನ ಟೋಪಿ ಎರಡು ಎಲ್ಲೋ ಬಿದ್ದುಹೋಗಿದ್ದವು;
ಡಬ್ಬಿ ತಡಕಿ ಒಂದು ಕಪ್ಪು ಕೊಟ್ಟ, ಒಂದು ಕೆಂಪು.

ರಾತ್ರಿ ಮತ್ತೆ ನಾಲೆ ಏರಿ. ತಿರುವು.
ಕಾರು ಯೋಚಿಸಲಿಲ್ಲ.
ಗುಂಡಿಗಳು, ರಸ್ತೆಗೆ ಉದುರಿದ ಕಬ್ಬಿನ ಜಲ್ಲೆ
ಈಗ ಒಂದೊಂದೂ ಸ್ಟೇರಿಂಗಿಗೆ ಬಂದು ಹೇಳುತ್ತವೆ,
ಸೊಂಟಕ್ಕೂ ಹೇಳುತ್ತವೆ, ಇರಲಿ.

ನಿಧಾನಿಸಿ, ಮಲಗಿದ ಕಲ್ಲುಗಳನ್ನು ಎಣಿಸಿದೆ.
ಮೂರು.
ಟ್ರ್ಯಾಕ್ಟರು ತಾಗಿರಬೇಕು ಎಂದುಕೊಂಡೆ.
ನಾಲೆ ತುಂಬ ಹರಿಯುತ್ತಿತ್ತು.