ಬರ್ಕಾದ ಹತ್ತಿರ, ಹೀಟರ್

ಮುಲ್ಕಿಯಾ ಎಲ್ಲಿ ಎಂದು ಪೊಲೀಸ್ ಮೊದಲ ಸಲ ಕೇಳಿದಾಗ
ಮೂಲ್ಕಿಯಲ್ಲ, ನನ್ನದು ಪಡುಬಿದ್ರಿ ಅಂದಿದ್ದೆ.
ಅಷ್ಟು ಹೊಸಬ. ಕಾರು ಮಾತ್ರ ಹಳತು:
ಸೋಹಾರಿನ ಮೀನು ಕಂಪನಿಯ ಈಜಿಪ್ತಿನ ಲೆಕ್ಕಿಗ
ದೇಶ ಬಿಡುವ ಮುನ್ನ ಮುನ್ನೂರೈವತ್ತು ರಿಯಾಲಿಗೆ
ಕೈಗಿಟ್ಟು ಹೋದ ಬಿಳಿ ಸನ್ನಿ.
ಡ್ಯಾಶ್‌ಬೋರ್ಡು ಬಿಸಿಲಿಗೆ ಸೀಳಿ
ಮಾರ್ಚಿಯ ಬೈಲುಗದ್ದೆಯ ಹಾಗಿತ್ತು.

ಸನಾಯದ ಗ್ಯಾರೇಜಿನ ಇಸುಬಾಕ ಹೇಳಿಕೊಟ್ಟರು:
ಟಯರಿನ ಕೆನ್ನೆಯಲ್ಲಿ ನಾಲ್ಕು ಅಂಕಿ ಇದೆ, ಓದು.
ವಾರ ಎರಡು, ವರ್ಷ ಎರಡು.
ಹಲ್ಲು ಗಟ್ಟಿಯಿದ್ದರೂ
ಐದು ಬೇಸಗೆ ಕಂಡದ್ದನ್ನು ನಂಬಬೇಡ.
ಬ್ಯಾಟರಿ ಇಲ್ಲಿ ಎರಡಕ್ಕೆ ಪ್ರಾಯ, ಮೂರಕ್ಕೆ ಮುದುಕ.
ಬ್ರೇಕು ಕೀಚಲು ದನಿಯಲ್ಲಿ ಮೊದಲು ಬೇಡುತ್ತದೆ,
ಗರಗರ ಅಂದರೆ ಬೈಯಲು ಶುರು ಮಾಡಿತು ಅಂತ ತಿಳಿ.
ಆಯಿಲ್ ಕಡ್ಡಿ ಒರೆಸದೆ ನೋಡಿದವ
ನೋಡಲೇ ಇಲ್ಲ.
ಮತ್ತೆ ಆ ರೇಡಿಯೋ. ಹೊರಟ ಮೊದಲ ಎರಡು ನಿಮಿಷ
ಅದರ ಕಿವಿ ತಿರುಪಬೇಡ ಮಾರಾಯ,
ಬಂಡಿ ಮಾತಾಡುವುದು ಆಗಲೇ.

ಉಳಿದದ್ದೆಲ್ಲ ಪಾಲಿಸಿದೆ.
ರೇಡಿಯೋ ಹಾಕಿದೆ.

ಜುಲೈ. ವಾಮನಣ್ಣ ವೀಸಾ ಕ್ಯಾನ್ಸಲ್ ಮಾಡಿ ಹೊರಟಿದ್ದರು,
ಕ್ಯಾಂಪಿನ ಮುನ್ನೂರು ಜನಕ್ಕೆ
ಇಪ್ಪತ್ತಾರು ವರ್ಷ ಸಾರು ಕುದಿಸಿದವರು.
ಡಿಕ್ಕಿಯಲ್ಲಿ ಹಗ್ಗ ಬಿಗಿದ ಎರಡು ಪೆಟ್ಟಿಗೆ,
ಮೈಮೇಲೆ ಮಡಿಕೆ ಮುರಿಯದ ನೀಲಿ ಅಂಗಿ.
ಸಹಮ್, ಖಾಬೂರ, ಸುವೈಕ್,
ಹೆದ್ದಾರಿ ಕಾವಲಿಯ ಹಾಗೆ ಮಿನುಗುತ್ತಿತ್ತು.
ಬರ್ಕಾಕ್ಕೆ ಇನ್ನು ಹತ್ತು ಮೈಲಿ ಇರುವಾಗ
ಉಷ್ಣದ ಮುಳ್ಳು
ಸದ್ದಿಲ್ಲದೆ ಎದ್ದು ನಿಂತಿತು.

ಪೆಟ್ರೋಲ್ ಬಂಕಿನ ನೆರಳಿಗೆ ತಂದು ನಿಲ್ಲಿಸಿ
ಬಾನೆಟ್ ಎತ್ತಿ, ಬಟ್ಟೆ ಸುತ್ತಿ
ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ್ದೆ.
ವಾಮನಣ್ಣ ಮಣಿಕಟ್ಟು ಹಿಡಿದರು:
‘ಸೀಟಿ ಇಳಿಯದ ಕುಕ್ಕರನ್ನು ಯಾರಾದರೂ ತೆಗೀತಾರಾ?’
ವಿಮಾನಕ್ಕೆ ಎರಡೂವರೆ ಗಂಟೆ.
ನಲವತ್ತು ನಿಮಿಷ ಕಾದೆವು.
ಅವರು ಗಡಿಯಾರ ನೋಡಲಿಲ್ಲ,
ಎಂಜಿನ್ನನ್ನೇ ನೋಡುತ್ತಿದ್ದರು, ಅನ್ನ ಅರಳುವುದನ್ನು ನೋಡುವ ಹಾಗೆ.
ಆಮೇಲೆ ನಾಲ್ಕು ಬಾಟಲಿ ನೀರು, ನಿಧಾನ, ನಿಧಾನ.

ಇಸುಬಾಕನಿಗೆ ಫೋನು. ‘ಏಸಿ ಬಂದ್ ಮಾಡು,
ಹೀಟರ್ ಪೂರ್ತಿ ಹಾಕು.’
‘ಹೀಟರಾ?’
‘ಎಂಜಿನ್ನಿನ ಬಿಸಿ ಎಲ್ಲಾದರೂ ಹೋಗಬೇಕಲ್ಲ, ನೀವೇ ತಗೊಳ್ಳಿ.’

ಹತ್ತು ವರ್ಷ ಯಾರೂ ಮುಟ್ಟದ ಗುಂಡಿಯನ್ನು
ಕೆಂಪು ಗೆರೆಯ ತುದಿಗೆ ತಿರುಗಿಸಿದೆ.
ಸುಟ್ಟ ಧೂಳಿನ ವಾಸನೆ.
ಹೊರಗೆ ನಲವತ್ತೇಳು, ಒಳಗೆ ಕೇಳಬೇಡಿ.
ನಾಲ್ಕೂ ಕಿಟಕಿ ತೆರೆದು ಎಂಬತ್ತರಲ್ಲಿ ಹೋಗುತ್ತಿದ್ದ ನಮ್ಮನ್ನು
ಲ್ಯಾಂಡ್‌ಕ್ರೂಸರಿನ ಮಕ್ಕಳು ಗಾಜಿಗೆ ಮೂಗೊತ್ತಿ ನೋಡಿದರು.
ಮುಳ್ಳು ಒಂದು ಕೂದಲೆಳೆ ಇಳಿಯಿತು. ಮತ್ತೊಂದು.
ನೀಲಿ ಅಂಗಿ ಕಪ್ಪಾಯಿತು.
ವಾಮನಣ್ಣ ನಗತೊಡಗಿದರು, ಕೆಮ್ಮುವಷ್ಟು:
‘ಬಿಟ್ಟು ಹೋಗುತ್ತೇನೆ ಅಂದದ್ದಕ್ಕೆ
ಬಾಕಿ ಸೆಕೆಯನ್ನೆಲ್ಲ ಒಟ್ಟಿಗೆ ಕೊಡುತ್ತಿದ್ದಾರೆ ನೋಡು.’

ಕೌಂಟರ್ ಮುಚ್ಚುವ ಹೊತ್ತಿಗೆ ಒಳಗೆ ಹೋದರು.
ಗಾಜಿನ ಬಾಗಿಲಾಚೆ
ಬೆನ್ನಿಗೆ ಅಂಟಿದ ಅಂಗಿ ಸ್ವಲ್ಪ ಹೊತ್ತು ಕಂಡಿತು.

ಮರುದಿನ ಸನಾಯದಲ್ಲಿ, ಉದ್ದ ಸ್ಕ್ರೂಡ್ರೈವರಿನ ತುದಿ ಪಂಪಿಗೆ,
ಹಿಡಿ ತನ್ನ ಕಿವಿಗೆ.
ಇಸುಬಾಕ ಕಣ್ಣು ಮುಚ್ಚಿದರು.
‘ಬೇರಿಂಗು. ಎಂಟು ದಿನದಿಂದ ಕೂಗಿರಬೇಕು.
ಏನು ಕೇಳುತ್ತಿದ್ದೆ ನೀನು?’

ಹಾಡು ಅನ್ನಲಿಲ್ಲ.

ಈಗ ಸಂಜೆ ಕಾರು ನಿಲ್ಲಿಸಿ ಕೂಡಲೇ ಕೋಣೆಗೆ ಹೋಗುವುದಿಲ್ಲ.
ಏಸಿಯ ನೀರು ತೊಟ್ಟಿಕ್ಕುವುದನ್ನು ಕಾದು
ಬಿಲ್ಡಿಂಗಿನ ಹಳದಿ ಬೆಕ್ಕು ಅಡಿಗೆ ನುಸುಳುತ್ತದೆ.
ಹಸಿರು ನೀರು ಸಿಹಿಯಂತೆ, ನೆಕ್ಕಿದರೆ ಸಾಯುತ್ತದಂತೆ.
ಅದನ್ನು ಒಂದು ಕೈಯಲ್ಲಿ ತಡೆದು
ಇನ್ನೊಂದರ ಬೆರಳು ಅದ್ದಿ ನೋಡುತ್ತೇನೆ.
ಬಣ್ಣವಿಲ್ಲ. ಅಂಟಿಲ್ಲ. ವಾಸನೆಯಿಲ್ಲ.
ಕುಡಿ, ಅನ್ನುತ್ತೇನೆ.